ಮೋಟಾರಿನ ಬದಲು ಮಡಕೆ

“ಮೋಟ್ರು ಬ್ಯಾಡಿ ಸಾ. ಕರೆಂಟು ಓದ್ರೆ ಮೀನೂ ಓಯ್ತವೆ,” ಎಂದರು ಪಕ್ಕದ ಮನೆಯ ರಾಚಮ್ಮ. ಮೀನಿನ ತೊಟ್ಟಿಯ ನೀರು ಸೋಸುವ ಯಂತ್ರ ತರಲು ಮೈಸೂರಿಗೆ ಹೊರಟಿದ್ದ ನಾನು, ಕೊಳ್ಳೇಗಾಲದ ನಮ್ಮ ಮನೆಗೆ ಬೀಗ ಹಾಕುತ್ತಿದ್ದೆ. ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳು ಸಾಕಿದ್ದ ಐದು ಮೀನುಗಳಲ್ಲಿ ಎರಡೇ ಉಳಿದಿದ್ದವು.

ರಾಚಮ್ಮ ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಅದಕ್ಕೆ ಬೇಕಾದ ನೀರನ್ನು ಸೋಸುವ ತೂತಿನ ಮಡಕೆಯೊಂದನ್ನು ಮನೆಯಿಂದ ತಂದರು. ತಳಕ್ಕೆ ಇದ್ದಿಲು, ಮೇಲೆ ಸತ್ತೇಗಾಲದ ಹೊಳೆಮರಳು ತುಂಬಿ, ಗಾಜಿನ ತೊಟ್ಟಿಯ ಮೇಲೆ ಕೂರಿಸಿದರು. ತೊಟ್ಟಿಯ ನೀರನ್ನೇ ಮೊಗೆದು ಬೆಳಿಗ್ಗೆ, ಸಂಜೆ ಅದಕ್ಕೆ ಸುರಿಯಬೇಕು. ಅದು ಸೋಸಿಕೊಂಡು ಕೆಳಗೆ ತೊಟ್ಟಿಕ್ಕುತ್ತದೆ.

“ತೊಟ್ಟಿಯ ತಳದ ಮರಳನ್ನು ವಾರಕ್ಕೊಮ್ಮೆ ಉಜ್ಜಿ ತೊಳೆದಿದ್ದೇನೆ,” ಎಂದೆ ಹೆಮ್ಮೆಯಿಂದ.

ಅವರು ಹಣೆ ಚಚ್ಚಿಕೊಂಡರು. “ಅದ್ಕೇ ಸತ್ತವೆ! ಮರಳಲ್ಲಿ ಒಸಿ ಅಂಟು ಇರ್ಬೇಕು ಕಣ್ರಿ, ಆ ಅಂಟೇ ನೀರಿನ ಕೊಳೆ ತಿನ್ನೋದು. ಅಕ್ಕ ಯಾವತ್ತಾರ ಅಂಗೆ ತೊಳೆದ್ರಾ?”

ಹೆಂಡತಿ ಹಾಗೆ ತೊಳೆದದ್ದನ್ನು ನಾನು ಕಂಡೇ ಇರಲಿಲ್ಲ.

“ಬೆಳಿಗ್ಗೆ ನೀರು ಹಾಕಲು ಮರೆತರೆ?” ಎಂದು ಕೇಳಿದೆ. ಆಗೆಲ್ಲ ನಾನು ಮಧ್ಯಾಹ್ನದವರೆಗೂ ಹಾಸಿಗೆ ಬಿಡುತ್ತಿರಲಿಲ್ಲ. ಅದು ಇಡೀ ಬೀದಿಗೆ ಗೊತ್ತಿತ್ತು.

“ಅದಕ್ಕಾದ್ರೂ ಎದ್ದೇಳ್ರಿ ಸಾ,” ಎಂದರು ರಾಚಮ್ಮ.

ಮಾರನೆಯ ಬೆಳಿಗ್ಗೆಯಿಂದ ಎದ್ದೆ. ಆ ಎರಡು ಮೀನುಗಳು ಮತ್ತೆ ಮೂರು ವರ್ಷ ಬದುಕಿದವು. ಅಂದು ಮೋಟಾರು ತಂದಿದ್ದರೆ ಅವಕ್ಕೆ ನನ್ನ ಅಗತ್ಯವೇ ಇರುತ್ತಿರಲಿಲ್ಲ.