ಎಂಟರ ಮುಂದಿನ ಒಂಬತ್ತು

ನಾವು ದಿಲ್ಲಿಯ ಆರ್.ಕೆ.ಪುರಂನ ಸರಕಾರಿ ಕ್ವಾರ್ಟರ್ಸಿನಲ್ಲಿದ್ದ ಆ ದಿನಗಳಲ್ಲಿ ಬೇಸಿಗೆ ರಜೆಯೆಂದರೆ ಕೂಲರ್‌ನ ಒದ್ದೆ ಹುಲ್ಲಿನ ವಾಸನೆ, ಮಧ್ಯಾಹ್ನವಿಡೀ ಮುಚ್ಚಿದ ಕಿಟಕಿ, ಕ್ಯಾರಂ ಬೋರ್ಡಿನ ಮೇಲಿನ ಜಗಳ. ಊರಿಗೆ ಹೋಗದ ಮಕ್ಕಳು ಅಮ್ಮಂದಿರ ತಲೆ ತಿನ್ನದಿರಲೆಂದು ಸಮುದಾಯ ಭವನದಲ್ಲಿ ಶಿಬಿರ ನಡೆಸುತ್ತಿದ್ದರು. ಒಂದು ವಾರ ಮರಗೆಲಸ, ಒಂದು ವಾರ ಫೋಟೋ ತೆಗೆಯುವುದು, ಒಂದು ವಾರ ಪುಸ್ತಕ ಕಟ್ಟುವುದು. ನಾನು ಮಾಡಿದ ಸ್ಟೂಲಿನ ನಾಲ್ಕನೇ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಫೋಟೋಗಳಲ್ಲಿ ಯಾರಿಗೂ ತಲೆ ಇರಲಿಲ್ಲ. ಪುಸ್ತಕದಲ್ಲಾದರೂ ಮಾನ ಉಳಿಸಿಕೊಳ್ಳಬೇಕಿತ್ತು. ಆಗ ನನಗೆ ಹತ್ತು ವರ್ಷ.

ಕಲಿಸುತ್ತಿದ್ದವರು ಹಳೇ ದಿಲ್ಲಿಯ ವಯಸ್ಸಾದ ಬೈಂಡರ್ ಒಬ್ಬರು, ನಮಗೆಲ್ಲ ಮಾಸ್ಟರ್‌ಜಿ. ಹುಳ ಬೀಳದಿರಲೆಂದು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸುತ್ತಿದ್ದರು. ಕೊನೆಯ ದಿನಕ್ಕೆ ಮನೆಯಿಂದ ಒಂದು ಹಳೇ ಪುಸ್ತಕ ತನ್ನಿ ಎಂದರು.

ನಾನು ಅಮ್ಮನಿಗೆ ಹೇಳದೆ ಅವಳ ಹಾಡಿನ ಪುಸ್ತಕ ಒಯ್ದೆ. ಅಜ್ಜಿ ಹಾಡುತ್ತಿದ್ದುದನ್ನೆಲ್ಲ ಅಮ್ಮ ಮದುವೆಗೆ ಮುಂಚೆ ಪಕ್ಕದಲ್ಲಿ ಕೂತು ಬರೆದುಕೊಂಡಿದ್ದ ಪುಸ್ತಕ ಅದು. ಅಜ್ಜಿ ಹೋಗಿ ಆರು ತಿಂಗಳಾಗಿತ್ತಷ್ಟೆ. ಹೊಲಿಗೆ ಬಿಚ್ಚಿ ಹಾಳೆಗಳೆಲ್ಲ ಬಿಡಿಯಾಗಿದ್ದವು. ರಟ್ಟು ಹಾಕಿ ಕೊಟ್ಟರೆ ಅಮ್ಮ ಎಷ್ಟು ಖುಷಿಪಡುತ್ತಾಳೋ ಎಂದುಕೊಂಡಿದ್ದೆ.

“ಯೇ ಕೌನ್ ಸೀ ಭಾಷಾ ಹೈ, ಬೇಟಾ?” ಎಂದು ಮಾಸ್ಟರ್‌ಜಿ ಕೇಳಿದರು.

ಕನ್ನಡ, ನನಗೆ ಪೂರ್ತಿ ಓದೋಕೆ ಬರುತ್ತೆ ಎಂದು ಎಲ್ಲರ ಮುಂದೆ ಹಿಂದಿಯಲ್ಲೇ ಜಂಬ ಕೊಚ್ಚಿದೆ. ಮನೆಯಲ್ಲಿ ಮಾತಾಡುತ್ತಿದ್ದೆ, ನಿಜ. ಓದಲು ಒಂದಕ್ಷರವೂ ಬರುತ್ತಿರಲಿಲ್ಲ. ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂತು. ಕೂಲರ್ ಭರ್ರೆಂದು ಬೀಸಿ ಅಜ್ಜಿಯ ಹಾಡುಗಳು ಭವನದ ತುಂಬ ಹಾರಿದವು.

ಮಕ್ಕಳೆಲ್ಲ ಆರಿಸಿ ತಂದುಕೊಟ್ಟರು. “ನಂಬರ್ ದೇಖ್ ಕೇ ಲಗಾ ಲೋ” ಎಂದರು ಮಾಸ್ಟರ್‌ಜಿ. ನೋಡಿ ಜೋಡಿಸಲು ನಂಬರೇನೋ ಇತ್ತು, ಆದರೆ ಅಮ್ಮ ಅದನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದಳು. ಮನೆ ಎದುರಿಗೇ ಇತ್ತು, ಓಡಿಹೋಗಿ ಕೇಳಬಹುದಿತ್ತು. ಜಂಬ ಬಿಡಬೇಕಲ್ಲ. ಮನಸ್ಸಿಗೆ ತೋಚಿದಂತೆ ಜೋಡಿಸಿ “ಹೋ ಗಯಾ” ಎಂದೆ. ಪಾಪ, ಅವರು ನಂಬಿದರು. ದಬ್ಬಣದಲ್ಲಿ ತೂತು ಹಾಕಿ, ಮೇಣ ಉಜ್ಜಿದ ದಾರದಲ್ಲಿ ಬಿಗಿಯಾಗಿ ಹೊಲಿದು, ಕೆಂಪು ಬಟ್ಟೆಯ ರಟ್ಟು ಅಂಟಿಸಿದೆ. ಎಲ್ಲರಿಗಿಂತ ಗಟ್ಟಿಯಾಗಿದ್ದದ್ದು ನನ್ನದೇ.

ಆ ಶುಕ್ರವಾರ ಅಮ್ಮ ರಟ್ಟನ್ನು ಸವರಿ ಸವರಿ ನೋಡಿ, ದೇವರ ಮುಂದೆ ಕೂತು ಹಾಡತೊಡಗಿದಳು. ಒಂದು ಪುಟ ತಿರುಗಿಸಿ ನಿಲ್ಲಿಸಿದಳು. ಇನ್ನೊಂದು ತಿರುಗಿಸಿದಳು. ಅವಳ ಕಣ್ಣು ತುಂಬಿತು.

“ಏನೇ ಇದು, ಲಕ್ಷ್ಮಿ ಹೊಸ್ತಿಲ ತನಕ ಬಂದ್ಲು, ಒಳಗೆ ಕಾಲಿಟ್ಟು ಬೆಣ್ಣೆ ಕದೀತಿದಾಳಲ್ಲ.”

ನಾನು ಅಳುತ್ತ ಎಲ್ಲವನ್ನೂ ಒಪ್ಪಿಕೊಂಡೆ.

“ಓದೋಕೆ ಬರಲ್ಲ ಅನ್ನೋಕೆ ಏನಾಗಿತ್ತು ನಿಂಗೆ?” ಎಂದಳು. ಬಿಚ್ಚಿದರೆ ಹಾಳೆ ಹರಿದೀತೆಂಬ ಹೆದರಿಕೆ ಅವಳಿಗೆ. ಮೂಗೊರೆಸಿಕೊಂಡು ಹೇಳಿದಳು: “ಬಾ, ಕೂತ್ಕೋ. ಕೆಡಿಸಿದವಳು ನೀನು, ಹುಡುಕಿ ಕೊಡೋಳೂ ನೀನೇ. ಎಂಟು ಆಯ್ತು, ಒಂಬತ್ತು ಎಲ್ಲಿದೆ ನೋಡು. ಹೀಗಿರುತ್ತೆ ಒಂಬತ್ತು.” ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿದಳು.

ನಾನು ಒಂಬತ್ತನ್ನು ಹುಡುಕುವ ತನಕ ಅಮ್ಮ ಎಂಟರ ಕೊನೆಯ ಸ್ವರವನ್ನೇ ಎಳೆಯುತ್ತಿದ್ದಳು. ಉಸಿರು ಸಾಲದಾದರೆ ಮೊಣಕೈಯಿಂದ ತಿವಿಯುತ್ತಿದ್ದಳು. ನಾನು ಮೊದಲು ಅಂಕಿ ಕಲಿತೆ, ಆಮೇಲೆ ಅಕ್ಷರ. ಕನ್ನಡ ಓದುವುದನ್ನು ನಾನು ಕಲಿತದ್ದು ಹಾಗೆ, ತಪ್ಪಾಗಿ ಕಟ್ಟಿದ ಪುಸ್ತಕದಲ್ಲಿ.

ಈಗ ನನಗೆ ಮಾನೇಸರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ದಿಲ್ಲಿಯ ದ್ವಾರಕಾದಲ್ಲಿರುವ ಮನೆಯಿಂದ ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಜೀವ ಹಣ್ಣಾಗುತ್ತದೆ. ಅಮ್ಮ ನನ್ನ ಜೊತೆಗೇ ಇದ್ದಾಳೆ. ಶುಕ್ರವಾರ ಸಂಜೆ ನಾನು ಬಂದು ಪುಟ ಹುಡುಕುವ ತನಕ ಹಾಡು ಶುರುವಾಗುತ್ತಿರಲಿಲ್ಲ. ದೀಪ ಹಚ್ಚಿ ಕಾಯುತ್ತಿರುತ್ತಿದ್ದಳು. ಸುಳ್ಳೇಕೆ ಹೇಳಲಿ, ಅದೂ ಒಂದು ಕಾಟವೆನ್ನಿಸತೊಡಗಿತ್ತು. ಬ್ಯಾಗು ಕೆಳಗಿಟ್ಟು ಸ್ವಲ್ಪ ಸುಮ್ಮನೆ ಬಿದ್ದುಕೊಳ್ಳಬಾರದೇ ಅನ್ನಿಸುತ್ತಿತ್ತು.

ಹೋದ ತಿಂಗಳು ಒಂದು ಭಾನುವಾರ, ಎರಡು ಗಂಟೆಯ ಬುಕ್‌ಬೈಂಡಿಂಗ್ ವರ್ಕ್‌ಶಾಪಿಗೆ ಆ ಪುಸ್ತಕ ಹಿಡಿದು ಹೋದೆ. ಡಬ್ಬಿಯ ಅಂಟು, ವಾಸನೆಯೇ ಇಲ್ಲ. ಕಲಿಸುವ ಹುಡುಗಿ ಹಳೇ ದಾರವನ್ನು ಮೆಲ್ಲಗೆ ಕತ್ತರಿಸಿದಳು. ಒಂದು ಹಾಳೆಯೂ ಹರಿಯಲಿಲ್ಲ. ನಾನೇ ಅಂಕಿ ನೋಡಿ ಜೋಡಿಸಿ ಹೊಲಿದೆ. ಈ ಸಲ ಒಂದೂ ತಪ್ಪಲಿಲ್ಲ.

ಅಮ್ಮ ಕನ್ನಡಕ ಏರಿಸಿ ಪುಟ ಪುಟವನ್ನೂ ನೋಡಿದಳು.

“ಅಚ್ಛಾ. ಎಲ್ಲಾ ಸರಿ ಕೂತಿದೆ” ಎಂದಳು. ಪುಸ್ತಕ ಮುಚ್ಚುತ್ತ, “ಹಾಗಾದ್ರೆ ಇನ್ನು ಶುಕ್ರವಾರ ನೀನು ಓಡ್ಬರೋದು ಬೇಡ” ಎಂದಳು. ಬೇಸರದಿಂದಲ್ಲ, ಬಹುಶಃ ನನ್ನ ದಣಿದ ಮುಖ ನೋಡಿಯೇ ಹೇಳಿರಬೇಕು.

ಮುಂದಿನ ಶುಕ್ರವಾರ ನಾನು ಬಾಗಿಲು ತೆಗೆದಾಗ ಆರತಿ ಮುಗಿದು ಕರ್ಪೂರದ ವಾಸನೆಯಷ್ಟೇ ಉಳಿದಿತ್ತು. ಅಮ್ಮ ಅಡುಗೆಮನೆಯಲ್ಲಿದ್ದಳು. ನನಗೆ ಬೇಕಾಗಿದ್ದ ವಿರಾಮ ಸಿಕ್ಕಿತ್ತು, ಬಿದ್ದುಕೊಳ್ಳಬಹುದಿತ್ತು. ದೇವರ ಮುಂದೆ ಕೂತು ಪುಸ್ತಕ ತೆರೆದೆ. ಎಂಟರ ಎದುರಿಗೇ ಒಂಬತ್ತು ಇತ್ತು. ಯಾರೂ ಯಾರಿಗಾಗಿಯೂ ಸ್ವರ ಎಳೆಯಬೇಕಾಗಿರಲಿಲ್ಲ.