ಬೆರಳಲ್ಲಿ ಕಲಿತ ಅಳಗುಳಿಮಣೆ

ಮಕ್ಕಳೇ, ನಿಮ್ಮ ಈ ತಾತ ನಿಮ್ಮಷ್ಟೇ ಚಿಕ್ಕವನಿದ್ದಾಗ ನಮ್ಮ ಮನೆ ಹಲಸೂರು ಕೆರೆಯ ಹಿಂದಿನ ಒಂದು ಓಣಿಯಲ್ಲಿತ್ತು. ಒಂದು ಬೇಸಿಗೆ ರಜೆಯಲ್ಲಿ ಚಿನ್ನಿದಾಂಡು ಆಡುವಾಗ, ಹಾರಿಬಂದ ಚಿನ್ನಿ ನೇರವಾಗಿ ನನ್ನ ಎಡಗಣ್ಣಿಗೆ ಬಡಿಯಿತು. ಶಿವಾಜಿನಗರದ ಆಸ್ಪತ್ರೆಯಲ್ಲಿ ಡಾಕ್ಟರು ಎರಡೂ ಕಣ್ಣಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿಬಿಟ್ಟರು. ಒಂದು ಕಣ್ಣು ಹೊರಳಿದರೆ ಇನ್ನೊಂದೂ ಅದರ ಜೊತೆ ಹೊರಳುತ್ತದಂತೆ. ಪಟ್ಟಿ ಬಿಚ್ಚಿದ ಮೇಲೆಯೇ ಏನಾದರೂ ಹೇಳಲು ಸಾಧ್ಯ ಎಂದು ಅವರು ಅಪ್ಪನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಕಣ್ಣು ಕಟ್ಟಿದವನ ಕಿವಿ ಬಲು ಚುರುಕು.

ಕೊನೆಗೂ ಪಟ್ಟಿ ಬಿಚ್ಚುವ ದಿನ ಬಂತು. ಅಪ್ಪ ಕಾರ್ಖಾನೆಯಿಂದ ಬಂದಮೇಲೆ ಸಂಜೆ ಹೋಗುವುದೆಂದಾಗಿತ್ತು. ಬೆಳಿಗ್ಗೆ ಅಮ್ಮ ತಟ್ಟೆಗೆ ಹಾಕಿದ ಬಿಸಿ ರಾಗಿರೊಟ್ಟಿ ಹಾಗೇ ಆರಿಹೋಯಿತು. ಬೇಡವೆಂದರೂ ಕೈ ಪಟ್ಟಿಯ ಗಂಟಿನ ಕಡೆಗೇ ಹೋಗುತ್ತಿತ್ತು.

"ಏಯ್, ಕೈ ತೆಗಿ ಅಲ್ಲಿಂದ!" ಎಂದು ಅಕ್ಕ ಗದರಿದಳು. ಆಮೇಲೆ ನಾವು ಪಾಟಿ ಎನ್ನುತ್ತಿದ್ದ ಪಕ್ಕದ ಮನೆಯ ತಮಿಳು ಅಜ್ಜಿಯ ಹತ್ತಿರ ಓಡಿಹೋಗಿ, ಭಾರವಾದದ್ದೇನನ್ನೋ ತಂದು ನನ್ನ ಮುಂದೆ ಧೊಪ್ಪೆಂದು ಇಟ್ಟಳು. "ಅಳಗುಳಿಮಣೆ. ಕೈ ಕೊಡಿಲ್ಲಿ."

ಅಕ್ಕ ನನ್ನ ಬೆರಳು ಹಿಡಿದು ಮಣೆಯ ಮೇಲೆಲ್ಲ ಆಡಿಸಿದಳು. ತಣ್ಣಗಿನ ಮರ. ನನ್ನ ಕಡೆ ಏಳು ಗುಳಿ, ಅವಳ ಕಡೆ ಏಳು ಗುಳಿ. ಎಷ್ಟು ಜನರ ಕೈ ಓಡಾಡಿತ್ತೋ, ಗುಳಿಗಳ ಅಂಚು ಬೆಣ್ಣೆಯಂತೆ ನುಣುಪಾಗಿತ್ತು. ಒಳಗೆ ಐದೈದು ಹುಣಸೆ ಬೀಜ. ಒಂದು ಗುಳಿಯ ಬೀಜವನ್ನೆಲ್ಲ ಬಾಚಿಕೊಂಡು, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು. ಕೈ ಖಾಲಿಯಾದರೆ ಅದರ ಮುಂದಿನ ಗುಳಿಯ ಬೀಜ ಎತ್ತಿಕೊಂಡು ಮತ್ತೆ ಬಿತ್ತಬೇಕು. ಮುಂದಿನದು ಬರಿದಾಗಿದ್ದರೆ ಅದನ್ನು ಬೆರಳಲ್ಲಿ ಸವರಿ, ಅದರಾಚೆಯ ಗುಳಿಯಲ್ಲಿ ಇರುವುದನ್ನೆಲ್ಲ ಗೆದ್ದುಕೊಳ್ಳಬೇಕು. ನಮ್ಮ ಕಡೆಯ ಯಾವುದಾದರೂ ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದು ಕರು, ಅದೂ ನಮ್ಮದೇ.

ಮೊದಮೊದಲು ನನ್ನ ಬೀಜಗಳು ಗುಳಿ ತಪ್ಪಿ ನೆಲಕ್ಕೆ ಉರುಳಿದವು. ಆಮೇಲೆ ಬೆರಳಿಗೆ ದಾರಿ ತಿಳಿಯಿತು. ಟಕ್, ಟಕ್ ಎಂಬ ಸದ್ದಿನಿಂದಲೇ ಬರಿ ಗುಳಿ ಯಾವುದು, ತುಂಬಿದ್ದು ಯಾವುದು ಎಂದು ಗೊತ್ತಾಗತೊಡಗಿತು. ಕರುವನ್ನು ಪಸು ಎನ್ನುತ್ತಿದ್ದ ಪಾಟಿ ಬಾಗಿಲಲ್ಲೇ ನಿಂತು, "ಪಸು ಬಂತು ನೋಡು! ಬಿಡ್ಬೇಡಾಪ್ಪಾ, ಎತ್ಕೋ!" ಎಂದು ಕೂಗುತ್ತಿದ್ದರು.

ಮೊದಲ ಆಟ ನಾನು ಗೆದ್ದೆ. ಎರಡನೆಯದೂ ಗೆದ್ದೆ. ಹಿಗ್ಗಿದ ಮನಸ್ಸಿಗೆ ತಟ್ಟನೆ ಒಂದು ಯೋಚನೆ ಬಂತು. ಅಕ್ಕ ಯಾವ ಆಟದಲ್ಲೂ ನನಗೆ ಸೋತವಳಲ್ಲ.

"ನೀನು ಬೇಕಂತಲೇ ಸೋಲ್ತಿದೀಯ," ಎಂದೆ. "ನಂಗೆ ಇನ್ನು ಕಣ್ಣು ಕಾಣಲ್ಲ ಅಂತ ನಿಂಗೆ ಗೊತ್ತು. ಅದಕ್ಕೇ ಅಲ್ವಾ?"

ಹೊರಗೆ ಸೊಪ್ಪಿನವಳು ಕೂಗುತ್ತಾ ಹೋದದ್ದಷ್ಟೇ ಕೇಳಿಸಿತು. ಆಮೇಲೆ ಅಕ್ಕ ಮೂಗು ಒರೆಸಿಕೊಂಡ ಸದ್ದು.

"ಹೂಂ, ಬೇಕಂತಲೇ ಸೋತೆ. ಪಾಪ ಅನ್ನಿಸ್ತು," ಎಂದಳು. "ಇನ್ನು ಬಿಡಲ್ಲ ನೋಡು. ಜೋಡ್ಸು ಬೀಜ!"

ಅವಳು ನಿಜವಾಗಿಯೂ ಬಿಡಲಿಲ್ಲ. ನನ್ನ ಕರುಗಳು ಕೂಡುವ ಮೊದಲೇ ಗುಳಿ ಬರಿದು ಮಾಡಿದಳು. ನಾನು ತಡವಿದಲ್ಲೆಲ್ಲ ಖಾಲಿ ಮರ. "ಸೋತ್ಯಲ್ಲೋ ಪೆದ್ದಾ!" ಎಂದು ಚಪ್ಪಾಳೆ ತಟ್ಟಿ ನಕ್ಕಳು. ಸೋತವನಿಗೆ ಅಳು ಬರಬೇಕು, ಆದರೆ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಣ್ಣು ಹೋಗುವ ತಮ್ಮನನ್ನು ಯಾರಾದರೂ ಹೀಗೆ ಚಚ್ಚುತ್ತಾರೆಯೇ? ಕಣ್ಣು ಉಳಿಯುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲವೆಂದು ಎಷ್ಟೋ ವರ್ಷಗಳ ಮೇಲೆ ನನಗೆ ತಿಳಿಯಿತು. ಆವತ್ತು ಮಾತ್ರ ಆರಿದ ರೊಟ್ಟಿಯನ್ನು ಚಟ್ನಿ ಹಚ್ಚಿಕೊಂಡು ಪೂರ್ತಿ ತಿಂದೆ.

ಸಂಜೆ ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೊರಟರು. ಜಟಕಾ ಕುದುರೆಗಳ ಗೊರಸಿನ ಸದ್ದು, ಮಲ್ಲಿಗೆ ಹೂವಿನ ಘಮ, ಕೆಂಡದ ಮೇಲೆ ಸುಡುವ ಮಾಂಸದ ಹೊಗೆ ಬಂದಾಗ ಶಿವಾಜಿನಗರ ಬಂತೆಂದು ತಿಳಿಯಿತು.

ಡಾಕ್ಟರು ಪಟ್ಟಿ ಬಿಚ್ಚಿದರು. ಮೊದಲು ಬರೀ ಬಿಳಿ ಮಂಜು. ಅವರು ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, "ಏನು ಕಾಣ್ಸುತ್ತೆ ಮರಿ?" ಎಂದು ಕೇಳಿದರು. ಮಂಜು ನಿಧಾನವಾಗಿ ಕರಗಿತು.

"ನಿಮ್ಮ ಜೇಬಲ್ಲಿ ಪೆನ್ನು ಸೋರಿದೆ ಸಾರ್," ಎಂದೆ.

ಡಾಕ್ಟರು ಜೇಬು ನೋಡಿಕೊಂಡು ಜೋರಾಗಿ ನಕ್ಕರು. ಅಪ್ಪ ನಗಲಿಲ್ಲ. ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಕುಸಿದು ಕೂತು, ಟವಲಿನಲ್ಲಿ ಮುಖ ಮುಚ್ಚಿಕೊಂಡರು.

ಈಗ ನಾವಿರುವುದು ಇಂದಿರಾನಗರದಲ್ಲಿ, ಲಿಫ್ಟ್ ಇರುವ ಮನೆಯಲ್ಲಿ. ಹೋದ ತಿಂಗಳು ನಿಮ್ಮಲ್ಲೊಬ್ಬಳ ಕಣ್ಣಿಗೆ ಶಟಲ್ ಕಾಕ್ ಬಡಿದಾಗ, ಡಾಕ್ಟರು ಕಣ್ಣಿನ ಒಳಗನ್ನೇ ಪರದೆಯ ಮೇಲೆ ತೋರಿಸಿ, ಏನೂ ಆಗಿಲ್ಲವೆಂದು ಆಗಲೇ ಹೇಳಿ ಕಳಿಸಿದರು. ಹಳೆಯ ಕಾಲವೇ ಚೆನ್ನಾಗಿತ್ತು ಎಂದು ತಾತಂದಿರು ಹೇಳುವುದುಂಟು. ನಾನು ಹಾಗೆನ್ನುವುದಿಲ್ಲ. ಹಾಗೆ ಕತ್ತಲಲ್ಲಿ ಕೂತು ಕಾಯುವುದು ನಿಮಗೆ ಬೇಡವೇ ಬೇಡ.

ಆಸ್ಪತ್ರೆಯಿಂದ ಬಂದ ಸಂಜೆಯೇ ನೀವಿಬ್ಬರೂ ಕೇರಂ ಬೋರ್ಡಿನ ಮುಂದೆ ಕೂತು, "ಚೀಟಿಂಗ್! ನೀನೇ ಚೀಟಿಂಗ್!" ಎಂದು ಕಿರುಚಾಡತೊಡಗಿದಿರಿ. ನಿಮ್ಮಮ್ಮ ಸದ್ದು ಮಾಡಬೇಡಿ ಎಂದು ಗದರಿದಳು. ನಾನು ಪಕ್ಕದ ಕೋಣೆಯಲ್ಲಿ ಕಾಲು ಚಾಚಿಕೊಂಡು, ಯಾರೂ ಬೇಕಂತಲೇ ಸೋಲುತ್ತಿಲ್ಲವಲ್ಲ, ಇನ್ನೂ ಸ್ವಲ್ಪ ಹೊತ್ತು ಜಗಳ ಆಡಲಿ ಎಂದುಕೊಂಡೆ.