ಅಕ್ಕೋರ ಮನೆಯ ಬಚ್ಚಲು

ಮೊನ್ನೆ ಯಾರೋ ಮನೆ ಕಟ್ಟಿಸುತ್ತಿದ್ದ ಜಾಗದಲ್ಲಿ ನೀರು ತುಂಬಿಟ್ಟಿದ್ದ ಡಾಂಬರು ಡ್ರಮ್ಮಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಗಣಿತದ ಅಕ್ಕೋರ ಬಚ್ಚಲಿನಲ್ಲೂ ಅಂಥದ್ದೇ ಡ್ರಮ್ಮಿತ್ತು...

ಎಪ್ಪತ್ತರ ದಶಕದ ಕೊನೆ. ಜಗಳೂರು ಕಡೆಯ ನಮ್ಮ ಹೈಸ್ಕೂಲಿನ ಗೇಟಿಗೆ ಕಮಾನು ಕಟ್ಟಿಸಿದ್ದರು. ಹುಡುಗಿಯರಿಗೆ ಪಾಯಿಖಾನೆ ಮಾತ್ರ ಇರಲಿಲ್ಲ. ಹುಡುಗರು ಬೇಲಿಯಾಚೆ ಹೋಗುತ್ತಿದ್ದರು. ನಾವು ಬೆಳಿಗ್ಗೆ ನೀರೇ ಕುಡಿಯದೆ ಬಂದು ಸಂಜೆಯವರೆಗೆ ಬಿಗಿಹಿಡಿದು ಕೂರುತ್ತಿದ್ದೆವು. ಮೈನೆರೆದ ಮೇಲಂತೂ ತಿಂಗಳಿಗೆ ನಾಲ್ಕು ದಿನ ಮನೆಯಲ್ಲೇ. ಪಾಠ ತಪ್ಪಿ, ಟೆಸ್ಟಿನಲ್ಲಿ ಸೊನ್ನೆ ಬಂದು, ಕೊನೆಗೆ ಶಾಲೆಯೇ ಬೇಡವಾಗುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಹನ್ನೊಂದು ಹುಡುಗಿಯರಿದ್ದೆವು, ಒಂಬತ್ತಕ್ಕೆ ಐವರಾದೆವು. ಬಿಟ್ಟವರ ಹೆಸರಿನ ಮುಂದೆ ಹೆಡ್ಮಾಸ್ಟರು 'ಓದಿನಲ್ಲಿ ಆಸಕ್ತಿ ಇಲ್ಲ' ಎಂದು ಬರೆದರು.

ಅಕ್ಕೋರಿಗೆ ಮೈ ಉರಿಯಿತು. ಮೂರು ಸಲ ಅರ್ಜಿ ಕೊಟ್ಟಿದ್ದರು. ಗ್ರ್ಯಾಂಟ್ ಬಂದಿಲ್ಲ ಎಂಬುದೇ ಉತ್ತರ. ಒಂದು ದಿನ ಆಫೀಸಿನಿಂದ ಅವರ ದನಿ ನಮ್ಮ ಕ್ಲಾಸಿಗೇ ಕೇಳಿಸಿತು.

"ಆಸಕ್ತಿ ಇಲ್ಲ ಅಂತ ಬರೀತೀರಲ್ಲ ಸಾರ್, ಒಂದಿನ ನೀವು ಸಂಜೆ ತನಕ ಎದ್ದು ಹೋಗ್ದಂಗೆ ಕೂತು ನೋಡ್ರಿ. ಆಮೇಲೆ ಬರೀರಿ."

ಅವತ್ತೇ ಬಂದು ತಮ್ಮ ಮನೆಯ ಬೀಗದ ಕೈಯನ್ನು ಮುಂದಿನ ಬೆಂಚಿನ ಮೇಲೆ ಒಗೆದರು. ಶಾಲೆಯ ಹಿಂದೆಯೇ ಅವರ ಬಾಡಿಗೆ ಮನೆ. ಇಂಟರ್ವಲ್ಲಿನಲ್ಲಿ ನಾವು ಅಲ್ಲಿಗೆ ಹೋಗತೊಡಗಿದೆವು. ಮನೆ ಒಬ್ಬರಿಗೆ ಬಾಡಿಗೆಗೆ ಕೊಟ್ಟರೆ ಆರು ಜನ ಬಳಸುತ್ತಾರೆಂದು ಮನೆಯೊಡತಿ ಗೊಣಗಿದಳು. ಅಕ್ಕೋರು ದಿನಾ ಬೋರಿನಿಂದ ನಾಲ್ಕು ಕೊಡ ಹೆಚ್ಚಿಗೆ ಹೊತ್ತು ತಂದರು. ಆ ಸಿಟ್ಟನ್ನೂ ನಮ್ಮ ಮೇಲೆಯೇ ತೀರಿಸಿಕೊಂಡರು.

"ನಿಮಗೆ ನೀರು ಹೊತ್ತು ಸೊಂಟ ಬಿದ್ದೈತೆ. ಗಣಿತದಾಗೆ ಯಾರಾದ್ರೂ ಫೇಲಾದ್ರೆ ನೋಡ್ರಿ ಮತ್ತೆ."

ಆ ವರ್ಷ ಯಾರೂ ಬಿಡಲಿಲ್ಲ.

ಜೂನಿನಲ್ಲಿ ಅವರಿಗೆ ನ್ಯಾಮತಿಗೆ ವರ್ಗವಾಯಿತು. ಅವರ ಜಾಗಕ್ಕೆ ಮೇಷ್ಟ್ರು ಬಂದರು. ಗಂಡಸರ ಹತ್ತಿರ ಬಚ್ಚಲಿನ ಮಾತು ಏನೆಂದು ಎತ್ತುವುದು? ದಸರಾ ಹೊತ್ತಿಗೆ ಮೂವರು ನಿಂತುಹೋದರು. ಅವರಲ್ಲೊಬ್ಬಳು ಲೆಕ್ಕದಲ್ಲಿ ನನಗಿಂತ ಎಷ್ಟೋ ಮುಂದಿದ್ದ ನನ್ನ ಗೆಳತಿ. ಕರೆಯಲು ಹೋದರೆ ಅವಳವ್ವ, "ದೊಡ್ಡ ಹುಡುಗೀನ ಬಯಲಿಗೆ ಹೆಂಗೆ ಕಳಿಸ್ಲವ್ವ" ಎಂದರು. ನಾನು ಉಳಿದದ್ದು ಜಾಣತನದಿಂದಲ್ಲ. ಆ ವರ್ಷ ನನ್ನನ್ನು ಶಾಲೆಯ ಪಕ್ಕದ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು, ಅಷ್ಟೇ.

ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನಗಳಲ್ಲಿ ಅಕ್ಕೋರಿಂದ ಕಾರ್ಡು ಬಂತು. ಐವರ ರಿಜಿಸ್ಟರ್ ನಂಬರೂ ಬೇಗ ಬರೆದು ಕಳಿಸು, ರಿಸಲ್ಟಿನ ಪೇಪರು ಮುಂದಿಟ್ಟುಕೊಂಡು ಕೂತಿದ್ದೇನೆ ಎಂದಿದ್ದರು. ಪರೀಕ್ಷೆ ಬರೆದದ್ದು ನಾವಿಬ್ಬರೇ. ಅದನ್ನು ತಿಳಿಸಲು ಧೈರ್ಯ ಬರದೆ ನಾಳೆ, ನಾಡಿದ್ದು ಎನ್ನುತ್ತ ನಾನು ಉತ್ತರ ಬರೆಯಲೇ ಇಲ್ಲ...

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಒಂದು ಕಾರ್ಡು ಬರೆಯಲಾಗದ ನನ್ನ ಮೇಲೆ ನನಗೇ ಇನ್ನೂ ಸಿಟ್ಟಿದೆ.